ಹೋಯಿ ಬತ್ತೆ, ಇತ್ತೆ ಕಿಮಾಸು

ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋತೆ’ ಎಂದಷ್ಟೇ ಹೇಳಿ ಮೆಟ್ಟಿಲಿಳಿಯುವಂತಿಲ್ಲ. ಒಳಗಿಂದ ಯಾರಾದರೂ ಹಿರಿಯರು ಗದರಿಯೇ ಗದರುತ್ತಾರೆ. ‘ಹೋಯಿ ಬತ್ತೆ’ ಎನ್ನಬೇಕು. ಹೋಗುವ ಮಾತಿನೊಳಗೇ ತಿರುಗಿ ಬರುವ ಮಾತೂ ಇರಬೇಕು. ನರ್ಸಿಂಗ್ ಓದಿ ಜಪಾನಿಗೆ ಹೋಗುವ ತಯಾರಿಯಲ್ಲಿರುವ ಅಕ್ಕನ ಮಗಳು ಒಂದು ಸಂಜೆ ಪುಸ್ತಕ ಹಿಡಿದುಕೊಂಡು ಚಾವಡಿಗೆ ಬಂದು, “ಮಾವ, ಇದನ್ನೊಂದ್ ಕಾಣಿ” ಎಂದಳು. ‘ಇತ್ತೆ ಕಿಮಾಸು’ ಎಂಬ ಮಾತಿನ ಎದುರು ‘ನಾನು ಹೊರಟೆ’ ಎಂಬ ಅರ್ಥದ ಇಂಗ್ಲಿಷ್ ಸಾಲಿತ್ತು. ಬಿಡಿಸಿ ನೋಡಿದರೆ ‘ಇತ್ತೆ’ ಎಂದರೆ ಹೋಗಿ, ‘ಕಿಮಾಸು’ ಎಂದರೆ ಬರುತ್ತೇನೆ. ಮನೆಯೊಳಗಿನವರು ಕೊಡುವ ಉತ್ತರ ‘ಇತ್ತೆ ರಶ್ಶಾಯ್’, ಅಂದರೆ ಹೋಗಿ ಬನ್ನಿ. ಇಂಗ್ಲಿಷಿನಲ್ಲಿ ಉದುರಿಹೋದ ಅರ್ಧ ಮಾತು ಕುಂದಾಪ್ರ ಕನ್ನಡದಲ್ಲಿ ಇಡಿಯಾಗಿ ಕೂತಿತು.

ಅಂದಿನಿಂದ ನಾನೂ ಅವಳ ಜೊತೆ ಕಲಿಯತೊಡಗಿದೆ. ಕಲಿಯುತ್ತ ಹೋದಂತೆ ಒಂದು ಮಾತು ಗಟ್ಟಿಯಾಯಿತು: ಕುಂದಾಪುರ, ಬೈಂದೂರು, ಬ್ರಹ್ಮಾವರದ ಹುಡುಗ ಹುಡುಗಿಯರು ಜಪಾನಿ ಭಾಷೆಯನ್ನು ಇಂಗ್ಲಿಷಿನ ಮೂಲಕ ಕಲಿತರೆ ಎರಡು ಹೊಳೆ ದಾಟಬೇಕು. ಕನ್ನಡದ ಮೂಲಕವಾದರೆ ಒಂದೇ. ನಮಗೆ ಸಿಕ್ಕಿದ ಪುಸ್ತಕಗಳ ವಿವರಣೆ ಮಾತ್ರ ಇಂಗ್ಲಿಷಿನಲ್ಲೇ ಇದೆ. ಹಾಗಾಗಿ ಅವಳ ಇನ್ನೂರು ಪುಟದ ನೋಟ್‌ಪುಸ್ತಕದಲ್ಲಿ ಈಗ ಜಪಾನಿ ಸಾಲಿನ ಕೆಳಗೆ ನಮ್ಮ ಊರಿನ ಕನ್ನಡ ಬರೆಯುತ್ತೇವೆ.

ಅವಳು ಬರೆಯಬೇಕಾದ ಪರೀಕ್ಷೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ ಶುರುವಾದದ್ದು 1984ರಲ್ಲಿ. ಮೊದಲು ನಾಲ್ಕು ಹಂತಗಳಿದ್ದವು, 2010ರಿಂದ ಐದಾದವು. ಎನ್-5 ಎಲ್ಲಕ್ಕಿಂತ ಕೆಳಗಿನದು, ಎನ್-1 ಮೇಲಿನದು. ನಮ್ಮ ರಾಜ್ಯದವರಿಗೆ ಬೆಂಗಳೂರಿನಲ್ಲಿ ಕೇಂದ್ರವಿದೆ. ಎನ್-5ರಲ್ಲಿ ಪದಗಳಿಗೆ 20 ನಿಮಿಷ, ವ್ಯಾಕರಣ ಮತ್ತು ಓದಿಗೆ 40, ಕೇಳುವುದಕ್ಕೆ 30. ಒಟ್ಟು 180 ಅಂಕದಲ್ಲಿ 80 ಬಂದರೆ ಪಾಸು. ಆದರೆ ಕೇಳುವ ಭಾಗದ 60ರಲ್ಲಿ ಕನಿಷ್ಠ 19, ಉಳಿದ 120ರಲ್ಲಿ ಕನಿಷ್ಠ 38 ಬರಲೇಬೇಕು. ಬರೆಯುವುದಿಲ್ಲ, ಮಾತಾಡುವುದಿಲ್ಲ, ಸರಿಯುತ್ತರ ಗುರುತಿಸುವುದಷ್ಟೇ. ಹಳೆಯ ನಾಲ್ಕನೇ ಹಂತಕ್ಕೆ ಸುಮಾರು 800 ಪದ, 100 ಕಾಂಜಿ (ಚೀನೀ ಮೂಲದ ಅಕ್ಷರ) ಎಂಬ ಲೆಕ್ಕವಿತ್ತು. ಹೊಸ ಪರೀಕ್ಷೆಗೆ ಅಧಿಕೃತ ಪಟ್ಟಿಯಿಲ್ಲ, ಕಲಿಯುವವರು ಈಗಲೂ ಆ ಲೆಕ್ಕವನ್ನೇ ಹಿಡಿದು ಓದುತ್ತಾರೆ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ಕುಶಲ ಕೆಲಸಗಾರರ ಬಗ್ಗೆ ಒಪ್ಪಂದ ಮಾಡಿಕೊಂಡವು. 2025ರ ಆಗಸ್ಟಿನಲ್ಲಿ ಐದು ವರ್ಷಕ್ಕೆ ಎರಡೂ ದೇಶಗಳ ನಡುವೆ 5 ಲಕ್ಷ ಜನರ ಓಡಾಟ, ಅದರಲ್ಲಿ ಭಾರತದಿಂದ 50 ಸಾವಿರ ಕುಶಲರು ಎಂಬ ಗುರಿ ಘೋಷಣೆಯಾಯಿತು. ಆದರೆ ಆ ಕುಶಲ ಕೆಲಸದ ವೀಸಾಕ್ಕೆ ಎನ್-5 ಸಾಲುವುದಿಲ್ಲ. ಎನ್-4 ಅಥವಾ ಅದಕ್ಕೆ ಸಮಾನವಾದ ಇನ್ನೊಂದು ಭಾಷಾ ಪರೀಕ್ಷೆ ಬೇಕು. ವೃದ್ಧರ ಆರೈಕೆಯ ಕೆಲಸಕ್ಕಾದರೆ ಆ ಕೆಲಸದ ಜಪಾನಿಗೆ ಬೇರೆ ಪರೀಕ್ಷೆಯೂ ಇದೆ. ಎನ್-5 ಪಾಸಾದ ಕೂಡಲೇ ಕೆಲಸ ಎಂದು ಯಾರಾದರೂ ದುಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ.

ಈಗ ವ್ಯಾಕರಣಕ್ಕೆ ಬರುವ. ‘ವತಾಶಿ ವ ಅಶಿತ ಬಸು ದೆ ಕುಂದಾಪುರ ಎ ಇಕಿಮಾಸು.’ ನಾನು, ನಾಳೆ, ಬಸ್ಸಿನಲ್ಲಿ, ಕುಂದಾಪುರಕ್ಕೆ, ಹೋಗುತ್ತೇನೆ. ಒಂದು ಪದವನ್ನೂ ಜಾಗ ಬದಲಿಸಬೇಕಾಗಿಲ್ಲ. ಕ್ರಿಯಾಪದ ಕೊನೆಯಲ್ಲಿ, ವಿಭಕ್ತಿಯಂಥ ತುಂಡು ನಾಮಪದದ ನಂತರ. ‘ನಿನ್ನೆ ಕೊಂಡ ಮೀನು’ ಎಂಬುದಕ್ಕೆ ‘ಕಿನೋ ಕತ್ತ ಸಕನ’. ‘ಕತ್ತ’ ಎಂದರೆ ಕೊಂಡ. ಇಂಗ್ಲಿಷಿನ ದಾರಿಯಲ್ಲಿ ಬಂದವರು ಇಲ್ಲಿ ವಾಕ್ಯವನ್ನು ಬುಡಮೇಲು ಮಾಡಬೇಕು. ನಾವು ಮಾಡುವುದೇನೂ ಇಲ್ಲ, ಸುಮ್ಮನೆ ಪದ ಬದಲಿಸಿದರಾಯಿತು. ‘ಕರ’ ಎಂಬ ತುಂಡು ಇನ್ನೂ ಸೊಗಸು. ‘ಬೈಂದೂರಿನಿಂದ’ ಎನ್ನುವಾಗಲೂ ಕರ, ‘ಮಳೆ ಬರುವುದರಿಂದ ಹೋಗುವುದಿಲ್ಲ’ ಎನ್ನುವಾಗಲೂ ಕರ. ನಮ್ಮ ‘ಇಂದ’ ಮಾಡುವ ಎರಡೂ ಕೆಲಸವನ್ನು ಅದು ಮಾಡುತ್ತದೆ.

ಎನ್-5ರ ನಡುಗಂಬ ಎಂದರೆ ‘ತೆ’ ರೂಪ. ಮಕ್ಕಳು ಹೆದರುವುದೂ ಇದಕ್ಕೇ. ‘ಪೇಟೆಗೆ ಹೋಗಿ, ಬಂಗುಡೆ ಕೊಂಡು, ಮನೆಗೆ ಬಂದು, ಗಸಿ ಮಾಡಿ ಉಂಡೆ’ ಎನ್ನುವಾಗ ನಾವು ಉಸಿರು ಬಿಡದೆ ಕಟ್ಟುತ್ತ ಹೋಗುವ ಹೋಗಿ, ಕೊಂಡು, ಬಂದು, ಮಾಡಿ ಇದೆಯಲ್ಲ, ಅದೇ ಇದು. ಇತ್ತೆ, ಕತ್ತೆ, ಕಿತೆ, ಶಿತೆ. ಯಾವ ಧಾತುವಿಗೆ ಯಾವ ಬಾಲ ಎಂಬ ನಿಯಮಗಳ ಪಟ್ಟಿ ದೊಡ್ಡದು, ಬಾಯಿಪಾಠ ಮಾಡಲೇಬೇಕು. ಆದರೆ ‘ಶಿನು’ (ಸಾಯು) ‘ಶಿಂದೆ’ ಆಗುವುದನ್ನು ನೋಡಿದಾಗ ನಮ್ಮ ‘ತಿನ್ನು’ ‘ತಿಂದು’ ಆಗುವುದು ನೆನಪಾಯಿತು. ‘ಯೊಮು’ (ಓದು) ‘ಯೊಂದೆ’ ಆಗುವಾಗ ‘ಉಣ್ಣು’ ‘ಉಂಡು’. ಇದು ಆಕಸ್ಮಿಕವೇ ಇರಬಹುದು. ನೆನಪಿಟ್ಟುಕೊಳ್ಳುವುದಕ್ಕೆ ಆಕಸ್ಮಿಕವೂ ಒಳ್ಳೆಯ ಗೂಟ.

‘ತೆ’ಯ ಮೇಲೆ ಕಟ್ಟುವ ವಾಕ್ಯಗಳಲ್ಲಂತೂ ನಮ್ಮ ಊರೇ ಕೇಳಿಸುತ್ತದೆ. ‘ತಬೆತೆ ಮೊ ಈ ದೆಸು’, ತಿಂದ್ರೂ ಅಡ್ಡಿಲ್ಲೆ. ಅಲ್ಲಿಯ ‘ಮೊ’ ನಮ್ಮ ‘ಊ’ಕಾರ: ‘ವತಾಶಿ ಮೊ’ ಎಂದರೆ ನಾನೂ. ಎನ್-4ಕ್ಕೆ ಹೋದ ಮೇಲೆ ಬರುವ ‘ತಬೆತೆ ಮಿತೆ ಕುದಸಾಯ್’ ಎಂಬುದರಲ್ಲಿ ‘ಮಿರು’ ಎಂದರೆ ನೋಡು, ಕಾಣು. ನೆಂಟರ ಬಾಳೆಲೆಗೆ ಹೊಸ ಪದಾರ್ಥ ಬಡಿಸುತ್ತ ನಮ್ಮ ಹೆಂಗಸರು ಹೇಳುವ ‘ತಿಂದ್ ಕಾಣಿ’ ಅದು, ಅಕ್ಷರಕ್ಕೆ ಅಕ್ಷರ. ಬರೆದಿಡು, ತಿಂದುಬಿಟ್ಟೆ ಎನ್ನುವುದರ ಇಡು, ಬಿಡುಗಳಿಗೂ ಅಲ್ಲಿ ‘ಒಕು’, ‘ಶಿಮಾವು’ ಎಂಬ ಜೋಡಿಗಳಿವೆ. ‘ನಾಳೆ ಮಳೆ ಬತ್ತ್ ಅಂಬ್ರ್’ ಎಂದು ಕೇಳಿದ ಮಾತಿನ ಕೊನೆಗೆ ಸೇರಿಸುವ ನಮ್ಮ ‘ಅಂಬ್ರ್’ ಕೂಡ ಅಲ್ಲಿ ‘ಸೋ ದೆಸು’ ಎಂದು ವಾಕ್ಯದ ಕೊನೆಯಲ್ಲೇ ನಿಲ್ಲುತ್ತದೆ.

ಇಂಗ್ಲಿಷಿನ ಕನ್ನಡಕ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ‘ತೆ ಇರು’ ಎಂದರೆ ನಡೆಯುತ್ತಿರುವ ಕೆಲಸ ಎಂದು ಮೊದಲ ಪಾಠದಲ್ಲೇ ಅವಳ ತಲೆಯಲ್ಲಿ ಕೂತಿತ್ತು. ಹಾಗಾಗಿ ‘ಕಿತೆ ಇಮಾಸು’ ಎಂಬುದಕ್ಕೆ ‘ಬರುತ್ತಿದ್ದಾರೆ’ ಎಂದು ಗುರುತು ಹಾಕಿದಳು. ತಪ್ಪು. ‘ಕಿತೆ’ ಬಂದು, ‘ಇಮಾಸು’ ಇದ್ದಾರೆ. ಬಂದಿದ್ದಾರೆ, ಅಂದರೆ ಬಂದು ಇಲ್ಲೇ ಇದ್ದಾರೆ. ಕನ್ನಡದಲ್ಲಿ ಬಿಡಿಸಿ ಬರೆದ ದಿನ ಅವಳಿಗೆ ಮತ್ತೆ ಆ ತಪ್ಪು ಆಗಲಿಲ್ಲ.

ಹೀಗೆ ಹೇಳುತ್ತ ಹೋದರೆ ಎರಡೂ ಒಂದೇ ಬಳ್ಳಿಯ ಕಾಯಿ ಎಂದು ಅನ್ನಿಸಿಬಿಡುತ್ತದೆ. ಜಪಾನಿನ ಭಾಷಾಪಂಡಿತ ಸುಸುಮು ಓನೋ ಅವರಿಗೂ ಹಾಗೇ ಅನ್ನಿಸಿ, ಜಪಾನಿಗೂ ತಮಿಳಿಗೂ ಸಂಬಂಧವಿದೆ ಎಂದು ದಶಕಗಳ ಕಾಲ ವಾದಿಸಿದರು. ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ವಾಕ್ಯದ ಕಟ್ಟು ಒಂದೇ ಥರ ಇದ್ದ ಮಾತ್ರಕ್ಕೆ ಭಾಷೆಗಳು ನೆಂಟರಾಗುವುದಿಲ್ಲ. ಕಲಿಯುವವರಿಗೆ ನೆಂಟಸ್ತಿಕೆ ಬೇಕಾಗಿಯೂ ಇಲ್ಲ, ಹೋಲಿಕೆ ಸಾಕು.

ಹೋಲಿಕೆ ಕೈಕೊಡುವ ಜಾಗಗಳೂ ಇವೆ, ಪರೀಕ್ಷೆಯಲ್ಲಿ ಅಂಕ ಹೋಗುವುದು ಅಲ್ಲೇ. ನಮ್ಮ ‘ಅಲ್ಲಿ’ ಒಂದೇ, ಅವರಲ್ಲಿ ಎರಡು. ಮನೆಯಲ್ಲಿ ಇದ್ದಾಳೆ ಎನ್ನಲು ‘ನಿ’, ಮನೆಯಲ್ಲಿ ಉಣ್ಣುತ್ತಾಳೆ ಎನ್ನಲು ‘ದೆ’. ಇರುವುದಕ್ಕೊಂದು, ಮಾಡುವುದಕ್ಕೊಂದು. ‘ನಿನ್ನೆ ಬಂಗುಡೆ ದುಬಾರಿ ಇತ್ತು’ ಎನ್ನುವಾಗ ನಾವು ‘ಇತ್ತು’ ಎಂಬುದನ್ನಷ್ಟೇ ಹಿಂದಕ್ಕೆ ತಳ್ಳುತ್ತೇವೆ. ಅವರು ‘ದುಬಾರಿ’ಯನ್ನೇ ಭೂತಕಾಲಕ್ಕೆ ತಿರುಗಿಸುತ್ತಾರೆ: ‘ತಕಾಯ್’ ಹೋಗಿ ‘ತಕಕತ್ತ’. ಜೀವ ಇರುವುದಕ್ಕೆ ‘ಇಮಾಸು’, ಇಲ್ಲದ್ದಕ್ಕೆ ‘ಅರಿಮಾಸು’. ಪಂಚಗಂಗಾವಳಿಯ ನೀರಿನಲ್ಲಿ ಮೀನು ‘ಇಮಾಸು’, ಗಂಗೊಳ್ಳಿ ಬಂದರಿನ ಬುಟ್ಟಿಗೆ ಬಂದ ಮೇಲೆ ‘ಅರಿಮಾಸು’. ಇದನ್ನು ಹೇಳಿಕೊಟ್ಟ ದಿನ ಅವಳು ಸ್ವಲ್ಪ ಹೊತ್ತು ಸುಮ್ಮನಾದಳು. ಒಂದು ವ್ಯಾಕರಣದ ಅಂಶ ಹೀಗೂ ಮುಟ್ಟಬಹುದು ಎಂದು ನನಗೂ ಗೊತ್ತಿರಲಿಲ್ಲ.

ಅಕ್ಷರಮಾಲೆಯ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಹಿರಗಾನ ಎಂಬ ಜಪಾನಿ ಲಿಪಿಯ ಕೋಷ್ಟಕ ಅ, ಇ, ಉ, ಎ, ಒ ಎಂದು ಶುರುವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಇಳಿಯುತ್ತದೆ. ಬೌದ್ಧ ಪಂಡಿತರು ಸಂಸ್ಕೃತದ ವರ್ಣಮಾಲೆ ಓದಿ ಜೋಡಿಸಿದ ಕ್ರಮವದು. ಚ ಇರಬೇಕಾದಲ್ಲಿ ಸ, ಪ ಇರಬೇಕಾದಲ್ಲಿ ಹ. ಯಾಕೆಂದರೆ ಅವರ ಹಕಾರ ಹಿಂದೊಮ್ಮೆ ಪಕಾರವಾಗಿತ್ತು. ನಮಗೆ ಇದನ್ನು ವಿವರಿಸಿ ಹೇಳಬೇಕೇ? ಹಳಗನ್ನಡದ ಪುಲಿ ನಮ್ಮ ಬಾಯಲ್ಲಿ ಹುಲಿಯಾಯಿತು, ಪಾಲ್ ಹಾಲಾಯಿತು. ಬ್ರಹ್ಮಾವರದ ಪೇಟೆಯಲ್ಲಿ ಒಂದೇ ಅಂಗಡಿಯೆದುರು ನಿಂತರೆ ತುಳುವಿನ ‘ಪಿಲಿ’ಯೂ ಕನ್ನಡದ ‘ಹುಲಿ’ಯೂ ಕಿವಿಗೆ ಬೀಳುತ್ತವೆ. ಜಪಾನೀಯರು ತಮ್ಮ ದೇಶದ ಹೆಸರಲ್ಲೇ ಎರಡನ್ನೂ ಉಳಿಸಿಕೊಂಡಿದ್ದಾರೆ: ನಿಪ್ಪೊನ್, ನಿಹೊನ್.

ಪದಗಳ ವಿಷಯದಲ್ಲಿ ಬಾಯಿಪಾಠಕ್ಕೆ ಪರ್ಯಾಯವಿಲ್ಲ. ಆದರೂ ಅಲ್ಲಲ್ಲಿ ಹಿಡಿಕೆ ಸಿಗುತ್ತದೆ. ನಾಡಿದ್ದು ಎಂಬುದಕ್ಕೆ ‘ಅಸತ್ತೆ’, ಮೊನ್ನೆಗೆ ‘ಒತೊತೊಯ್’, ಒಂದೊಂದೇ ಪದ. ಒಬ್ಬ, ಇಬ್ಬರು ಎಂದು ಮನುಷ್ಯರಿಗೆ ಬೇರೆ ಎಣಿಕೆ ನಮ್ಮಲ್ಲಿರುವಂತೆ ‘ಹಿತೊರಿ’, ‘ಫುತರಿ’. ವಾರದ ಹೆಸರುಗಳು ಚಂದ್ರ, ಬೆಂಕಿ, ನೀರು, ಮರ, ಲೋಹ, ಮಣ್ಣು, ಸೂರ್ಯ ಎಂಬ ಕಾಂಜಿಗಳಲ್ಲಿವೆ. ಬೆಂಕಿಯ ಗ್ರಹ ಮಂಗಳ, ನೀರಿನದು ಬುಧ, ಮರದ್ದು ಗುರು, ಲೋಹದ್ದು ಶುಕ್ರ, ಮಣ್ಣಿನದು ಶನಿ. ನಮ್ಮ ಸೋಮವಾರದಿಂದ ಭಾನುವಾರದವರೆಗಿನ ಸಾಲೇ ಅದು. ಎಂಟನೇ ಶತಮಾನದಲ್ಲಿ ಅಮೋಘವಜ್ರ ಎಂಬ ಬೌದ್ಧ ಆಚಾರ್ಯ ಚೀನಾದಲ್ಲಿ ಚೀನೀ ಭಾಷೆಗೆ ತಂದ ಜ್ಯೋತಿಷ ಗ್ರಂಥವನ್ನು ಕೂಕಾಯ್ ಎಂಬ ಸನ್ಯಾಸಿ 806ರಲ್ಲಿ ಜಪಾನಿಗೆ ಒಯ್ದ ಫಲವಿದು. ಬ್ರೆಡ್ಡಿಗೆ ಅವರು ‘ಪಾನ್’ ಎನ್ನುತ್ತಾರೆ. ಪೋರ್ಚುಗೀಸರ ಪದ, ನಮ್ಮ ಕೊಂಕಣಿಯ ‘ಪಾವ್’ ಕೂಡ ಅದರದ್ದೇ. ಬಸ್ರೂರಿನ ಅಕ್ಕಿಗಾಗಿ ನಮ್ಮ ಹೊಳೆಗೆ ಬರುತ್ತಿದ್ದ ಪೋರ್ಚುಗೀಸರೇ 1543ರಲ್ಲಿ ಜಪಾನಿನ ದಡವನ್ನೂ ಮುಟ್ಟಿದವರು.

ಇನ್ನು ಕೇಳುವ ಪರೀಕ್ಷೆ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ, ‘ಕೀತೆ’ ಎಂದರೆ ಕೇಳಿ. ‘ಒಬಸಾನ್’ ಚಿಕ್ಕಮ್ಮ ಅತ್ತೆಯರು, ‘ಒಬಾಸಾನ್’ ಅಜ್ಜಿ. ಹ್ರಸ್ವ, ದೀರ್ಘ, ಒತ್ತು, ಇವೇ ಪ್ರಶ್ನೆಗಳಾಗಿ ಬರುತ್ತವೆ. ರೋಮನ್ ಲಿಪಿಯಲ್ಲಿ ಬರೆದುಕೊಂಡವರು ಎಡವುವುದು ಇಲ್ಲಿ. ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಕಣ್ಣಿಗೇ ವ್ಯತ್ಯಾಸ ಕಾಣುತ್ತದೆ. ಕೊನೆಯ ಸ್ವರ ನುಂಗುವ ನಮ್ಮ ಅಭ್ಯಾಸವೂ ಕೆಲಸಕ್ಕೆ ಬರುತ್ತದೆ: ‘ದೆಸು’ ಎಂಬುದನ್ನು ಅವರು ‘ದೆಸ್’ ಎಂದೇ ನುಡಿಯುತ್ತಾರೆ. ಕಾಂಜಿಗೆ ಮಾತ್ರ ನಮ್ಮಲ್ಲಿ ಯಾವ ಸಹಾಯವೂ ಇಲ್ಲ. ದಿನಕ್ಕೆ ಎರಡು, ಕೈಯಿಂದ ಬರೆದು, ಮರುದಿನ ಮತ್ತೆ ಅದೇ ಎರಡನ್ನು ಬರೆದು ಕಲಿಯುವುದು.

ಪರೀಕ್ಷೆ ಜುಲೈ ಮತ್ತು ಡಿಸೆಂಬರಿನ ಮೊದಲ ಭಾನುವಾರ. ಜುಲೈ ಎಂದರೆ ನಮಗೆ ಜಡಿಮಳೆ, ಘಟ್ಟದಲ್ಲಿ ಗುಡ್ಡ ಜರಿದರೆ ರೈಲೂ ಇಲ್ಲ, ಬಸ್ಸೂ ಇಲ್ಲ. ಹಾಗಾಗಿ ನಾವು ಡಿಸೆಂಬರನ್ನೇ ಆರಿಸಿದೆವು. ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟರೆ ಬೆಳಿಗ್ಗೆ ಬೆಂಗಳೂರು. ಶುಕ್ರವಾರ ರಾತ್ರಿಯೇ ಹೊರಟು ಒಂದು ದಿನ ಸುಧಾರಿಸಿಕೊಳ್ಳಬೇಕು ಎಂದು ಅವಳಿಗೆ ಹೇಳಿದ್ದೇನೆ. ನೋಟ್‌ಪುಸ್ತಕದಲ್ಲಿ ಇನ್ನು ನಲವತ್ತು ಪುಟ ಖಾಲಿ ಇದೆ. ನಿನ್ನೆ ಬರೆದದ್ದು ‘ಕೊರೆ, ಸೊರೆ, ಅರೆ’. ನನ್ನ ಹತ್ತಿರದ್ದು, ನಿನ್ನ ಹತ್ತಿರದ್ದು, ಇಬ್ಬರಿಗೂ ದೂರದ್ದು. ಇದು, ಅದುಗಳ ನಡುವೆ ಹಳಗನ್ನಡದಲ್ಲಿ ‘ಉದು’ ಎಂಬುದೊಂದಿತ್ತು ಎಂದು ಹೇಳಿದೆ. ಅವಳು ಪೆನ್ನು ತೆಗೆದು ‘ಸೊರೆ’ಯ ಕೆಳಗೆ ‘ಉದು’ ಎಂದು ಬರೆದುಕೊಂಡಳು.