ಖಡ್ಗದ ವಿದ್ಯೆ ಅಡಿಗೆಯ ಮನೆಯಲ್ಲಿ

ಕ್ರಿ. ಶ. 1876ರಲ್ಲಿ ಜಪಾನಿನ ಮೇಜಿ ಸರಕಾರವು ಒಂದು ಕಟ್ಟಾಜ್ಞೆಯನ್ನು ಹೊರಡಿಸಿತು. ಸೈನಿಕರು, ಪೊಲೀಸರು ಮೊದಲಾದ ಕೆಲವರ ಹೊರತು ಯಾರೂ ಸೊಂಟದಲ್ಲಿ ಖಡ್ಗವನ್ನು ಧರಿಸಿ ಹೊರಗೆ ಬರಕೂಡದೆಂಬುದೇ ಆ ಆಜ್ಞೆಯ ಸಾರಾಂಶ. ಶತಮಾನಗಳಿಂದ ಸಮುರಾಯಿಗಳ ಮರ್ಯಾದೆಗೆ ಕುರುಹಾಗಿದ್ದ ಆಯುಧವು ಹೀಗೆ ನಿಷಿದ್ಧವಾಯಿತು. ಸಮುರಾಯಿಗಳ ಅಸಮಾಧಾನವನ್ನು ಇತಿಹಾಸಕಾರರು ವಿಸ್ತಾರವಾಗಿ ವರ್ಣಿಸಿದ್ದಾರೆ. ಆ ಖಡ್ಗಗಳನ್ನು ಬಡಿದು ಮಾಡುತ್ತಿದ್ದ ಕಮ್ಮಾರನ ಗತಿ ಏನಾಯಿತೆಂದು ವಿಚಾರಿಸಿದವರು ವಿರಳ. ಅವರಲ್ಲಿ ಅನೇಕರು ಕಸಬನ್ನೇ ಬಿಟ್ಟರು. ಉಳಿದವರು ಕುಡುಗೋಲು, ಉಳಿ, ಅಡಿಗೆಯ ಚಾಕು ಮುಂತಾದ ನಿತ್ಯೋಪಯೋಗಿ ವಸ್ತುಗಳ ಕಡೆಗೆ ಕೈ ತಿರುಗಿಸಿದರು. ಖಡ್ಗವು ಹೋದರೂ ಉಕ್ಕಿಗೆ ಹದ ಕೊಡುವ ವಿದ್ಯೆಯು ಉಳಿಯಿತು.

ಈ ವಿದ್ಯೆಗೆ ಒಂದು ಮುಖ್ಯ ನೆಲೆ ಒಸಾಕಾ ನಗರಕ್ಕೆ ಹೊಂದಿಕೊಂಡಿರುವ ಸಕಾಯ್ ಪಟ್ಟಣ. ಇಲ್ಲಿ ಚಾಕುವಿನ ಕೆಲಸವು ಆ ರಾಜಾಜ್ಞೆಗಿಂತ ಬಹು ಹಿಂದಿನದು. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರೊಡನೆ ಜಪಾನಿಗೆ ಹೊಗೆಸೊಪ್ಪು ಬಂದಿತು. ಅದನ್ನು ನವುರಾಗಿ ಹೆಚ್ಚುವುದಕ್ಕೆ ಹರಿತವಾದ ಚಾಕು ಬೇಕಾಯಿತು. ಸಕಾಯ್ ಕಮ್ಮಾರರು ಮಾಡಿದ ಚಾಕುಗಳ ಗುಣವನ್ನು ಮೆಚ್ಚಿ ತೊಕುಗಾವಾ ಪ್ರಭುತ್ವವು ಅವುಗಳಿಗೆ ತನ್ನ ಮುದ್ರೆಯನ್ನೂ ವಿಶೇಷಾಧಿಕಾರವನ್ನೂ ಕೊಟ್ಟಿತು. ಇಂದಿಗೂ ಜಪಾನೀ ಪದ್ಧತಿಯ ಅಡಿಗೆಯವರು ಉಪಯೋಗಿಸುವ ಒಂದೇ ಮಗ್ಗುಲಿಗೆ ಹರಿತವುಳ್ಳ ಚಾಕುಗಳಿಗೆ ಈ ಊರೇ ಪ್ರಖ್ಯಾತವಾದುದು.

ಈ ಚಾಕುವಿನ ರಚನೆಯನ್ನು ಸ್ವಲ್ಪ ತಿಳಿಯತಕ್ಕದ್ದು. ಮೆದುವಾದ ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಬಿಳಿಗಾರವನ್ನೂ ಕಬ್ಬಿಣದ ಪುಡಿಯನ್ನೂ ಉದುರಿಸಿ, ಅದರ ಮೇಲೆ ಗಡುಸಾದ ಉಕ್ಕಿನ ತುಂಡನ್ನಿಟ್ಟು ಎರಡೂ ಒಂದಾಗುವಂತೆ ಬಡಿಯುತ್ತಾರೆ. ಉಕ್ಕು ಹರಿತವನ್ನು ಕೊಡುತ್ತದೆ. ಕಬ್ಬಿಣವು ಅದು ಒಡೆಯದಂತೆ ಕಾಪಾಡುತ್ತದೆ. ಬಳಿಕ ಅಲಗಿಗೆ ಮಣ್ಣಿನ ಲೇಪವನ್ನು ಕೊಟ್ಟು ಸುಮಾರು 800 ಡಿಗ್ರಿಯವರೆಗೆ ಕಾಯಿಸಿ ನೀರಿನಲ್ಲಿ ಅದ್ದುವರು. ಕಾವನ್ನು ಅಳೆಯುವುದು ಕಣ್ಣಿನಿಂದ. ಆದುದರಿಂದಲೇ ಕುಲುಮೆಯ ಮನೆಯನ್ನು ಕತ್ತಲಾಗಿರಿಸುವ ರೂಢಿ. ಬೆಂಕಿಯ ಬಣ್ಣವನ್ನು ನೋಡುವುದರಲ್ಲಿ ಒಂದು ಕ್ಷಣ ತಪ್ಪಿದರೆ ಅಲಗು ಸೀಳುವುದು, ಇಲ್ಲವೇ ಮೆತ್ತಗಾಗಿಯೇ ಉಳಿಯುವುದು. ನೀರಿನಿಂದ ತೆಗೆದ ಅಲಗು ಗಾಜಿನಂತೆ ಪೆಡಸಾಗಿರುವುದರಿಂದ ಅದನ್ನು ಮತ್ತೆ ಹಗುರಾಗಿ ಕಾಯಿಸಿ ಹದಕ್ಕೆ ತರುತ್ತಾರೆ.

ಕಮ್ಮಾರನ ಕೆಲಸವು ಇಲ್ಲಿಗೆ ಮುಗಿಯುತ್ತದೆ. ಚಾಕುವಿನ ಕೆಲಸವು ಮುಗಿಯುವುದಿಲ್ಲ. ಸಕಾಯಿಯ ವೈಶಿಷ್ಟ್ಯವಿರುವುದೇ ಇಲ್ಲಿ. ಕಪ್ಪಾದ ಆ ಅಲಗು ಬೇರೊಂದು ಮನೆಗೆ, ಸಾಣೆಯವನ ಕೈಗೆ ಹೋಗುತ್ತದೆ. ಅವನು ಡೊಂಕನ್ನು ತಿದ್ದಿ, ಒಂದು ಮಗ್ಗುಲನ್ನು ಇಳಿಜಾರಾಗಿಯೂ ಮತ್ತೊಂದು ಮಗ್ಗುಲನ್ನು ಕಾಣಿಸದಷ್ಟು ತಗ್ಗಾಗಿಯೂ ತೇಯ್ದು ಹರಿತವನ್ನು ಹುಟ್ಟಿಸುತ್ತಾನೆ. ಆಮೇಲೆ ಮೂರನೆಯವನು ಕೋಣದ ಕೊಂಬಿನ ಬಳೆಯುಳ್ಳ ಮರದ ಹಿಡಿಯನ್ನು ತೊಡಿಸುತ್ತಾನೆ. ಹಸಿ ಮೀನನ್ನು ಒಂದೇ ಎಳೆತದಲ್ಲಿ ಕೊಯ್ಯುವ ನೀಳವಾದ ಯನಗಿಬಾ, ಮೀನಿನ ತಲೆಯನ್ನು ತುಂಡರಿಸುವ ದಪ್ಪನೆಯ ದೇಬಾ, ತರಕಾರಿಗೆ ತೆಳುವಾದ ಉಸುಬಾ, ಇವೆಲ್ಲವೂ ಹೀಗೆ ಹಲವು ಕೈಗಳನ್ನು ದಾಟಿ ಬಂದವುಗಳು. ಒಬ್ಬೊಬ್ಬನು ಒಂದೊಂದು ಕೆಲಸದಲ್ಲಿಯೇ ಜೀವಮಾನವನ್ನು ಸವೆಸುವುದರಿಂದ ಆ ಕೆಲಸವು ಪರಿಪಕ್ವವಾಗುತ್ತದೆ.

ಈ ಗುಣವೇ ಈಗ ಅಪಾಯಕ್ಕೂ ಕಾರಣವಾಗಿದೆ. ಅಲಗಿನ ಮೇಲೆ ಕೆತ್ತಲ್ಪಡುವ ಹೆಸರು ಸಾಮಾನ್ಯವಾಗಿ ಕೆಲಸವನ್ನು ಹಂಚಿಕೊಟ್ಟು ಮಾರುವ ಸಗಟು ವರ್ತಕನದು. ಬಡಿದವನಾರು, ಸಾಣೆ ಹಿಡಿದವನಾರು ಎಂಬುದು ಕೊಳ್ಳುವವನಿಗೆ ಬಹುಮಟ್ಟಿಗೆ ತಿಳಿಯದು. ವಿದೇಶಗಳಿಂದ ಬೇಡಿಕೆಯು ಹೆಚ್ಚಿದೆ. ಆದರೆ ಮಸಿಯಲ್ಲಿಯೂ ಕಲ್ಲಿನ ಕೆಸರಿನಲ್ಲಿಯೂ ವರ್ಷಗಟ್ಟಲೆ ಕುಳಿತು ಕಲಿಯುವ ತರುಣರು ಸಾಲದಾಗಿದ್ದಾರೆ. ಕಮ್ಮಾರನಿದ್ದು ಸಾಣೆಯವನಿಲ್ಲದಿದ್ದರೆ ಚಾಕುವಿಲ್ಲ; ಸಾಣೆಯವನಿದ್ದು ಹಿಡಿಯವನಿಲ್ಲದಿದ್ದರೂ ಚಾಕುವಿಲ್ಲ. ಸರಪಳಿಯ ಒಂದು ಕೊಂಡಿ ಕಳಚಿದರೆ ಉಳಿದ ಕೊಂಡಿಗಳ ಬಲದಿಂದ ಪ್ರಯೋಜನವೇನು?

ಸರಕಾರವು ಕೈಕಟ್ಟಿ ಕುಳಿತಿಲ್ಲ. ಸಾಂಪ್ರದಾಯಿಕ ಕೈಕಸಬುಗಳ ರಕ್ಷಣೆಗಾಗಿ 1974ರಲ್ಲಿ ಶಾಸನವಾಯಿತು. ಅದರ ಮೇರೆಗೆ ಫುಕುಯಿ ಪ್ರಾಂತದ ಎಚಿಜೆನ್ ಚಾಕುಗಳಿಗೆ 1979ರಲ್ಲಿಯೂ ಸಕಾಯ್ ಚಾಕುಗಳಿಗೆ 1982ರಲ್ಲಿಯೂ ಮಾನ್ಯತೆ ದೊರೆಯಿತು. ಆದರೆ ಮಾನ್ಯತಾಪತ್ರವು ಸುತ್ತಿಗೆಯನ್ನು ಹಿಡಿಯಲಾರದು. ಈ ವಿಷಯದಲ್ಲಿ ಎಚಿಜೆನ್ನಿನ ಕಸಬುದಾರರು ತೋರಿದ ದಾರಿಯು ಗಮನಾರ್ಹವಾದುದು. ಹಲವು ಮಂದಿ ಚಾಕುಗಾರರು ಸೇರಿ 1993ರಲ್ಲಿ ತಾಕೆಫು ಎಂಬಲ್ಲಿ ಒಂದು ಸಹಕಾರೀ ಕಾರ್ಯಾಗಾರವನ್ನು ಕಟ್ಟಿಕೊಂಡರು. ಪ್ರತಿಸ್ಪರ್ಧಿಗಳೇ ಒಂದು ಸೂರಿನಡಿ ಯಂತ್ರಗಳನ್ನು ಹಂಚಿಕೊಂಡು ದುಡಿಯುತ್ತಾರೆ. ನೋಡಬಂದವರಿಗೆ ಬಾಗಿಲು ತೆರೆದಿದೆ. ಹೊರಗಿನ ಊರುಗಳಿಂದ ಬಂದ ತರುಣರೂ ಅಲ್ಲಿ ಶಿಷ್ಯರಾಗಿದ್ದಾರೆ. ಮನೆತನದ ಗುಟ್ಟೆಂದು ಬಚ್ಚಿಟ್ಟುಕೊಂಡ ವಿದ್ಯೆಗಿಂತ ಹಂಚಿಕೊಂಡ ವಿದ್ಯೆಗೆ ಆಯುಸ್ಸು ಹೆಚ್ಚೆಂಬುದಕ್ಕೆ ಇದು ಸಾಕ್ಷಿ.

ಕೊಳ್ಳುವವನ ಪಾಲಿಗೂ ಒಂದು ಕರ್ತವ್ಯವುಂಟು. ಈ ಉಕ್ಕು ಬಹುಬೇಗ ತುಕ್ಕು ಹಿಡಿಯುವ ಜಾತಿಯದು. ಪ್ರತಿ ದಿನವೂ ತೊಳೆದು ಒರೆಸಬೇಕು, ಮೊಂಡಾದಾಗ ನೀರು ತಳಿದ ಕಲ್ಲಿನ ಮೇಲೆ ತಾನೇ ಮಸೆಯಬೇಕು. ಜಪಾನಿನ ಪಾಕಪ್ರವೀಣರು ದಿನದ ಕೆಲಸ ಮುಗಿದ ಮೇಲೆ ತಮ್ಮ ಚಾಕುವನ್ನು ತಾವೇ ಮಸೆಯುತ್ತಾರೆ. ಹೀಗೆ ಮಸೆದು ಮಸೆದು ಅಲಗು ವರ್ಷವರ್ಷಕ್ಕೂ ಕಿರಿದಾಗುತ್ತ ಹೋಗುತ್ತದೆ. ಅಗ್ಗದ ಚಾಕುವನ್ನು ಕೊಂಡು ಮೊಂಡಾದೊಡನೆ ಎಸೆಯುವ ಅಭ್ಯಾಸವುಳ್ಳವರಿಗೆ ಈ ಕಸಬಿನ ಬೆಲೆ ತಿಳಿಯಲಾರದು.

1876ರ ಆಜ್ಞೆಯು ಖಡ್ಗವನ್ನು ಕಸಿದುಕೊಂಡಿತು. ಕಮ್ಮಾರನ ವಿದ್ಯೆಯನ್ನು ಕಸಿದುಕೊಳ್ಳಲು ಅದರಿಂದಾಗಲಿಲ್ಲ. ಆಗ ಕಲಿತ ಕೈಗಳಿದ್ದುವು, ಕೊಳ್ಳುವವರಿರಲಿಲ್ಲ. ಈಗ ಕೊಳ್ಳುವವರು ಸಮುದ್ರದಾಚೆಯಿಂದ ಬಂದು ಕಾದು ನಿಂತಿದ್ದಾರೆ, ಕಲಿಯುವ ಕೈಗಳೇ ಕಡಿಮೆ. ರಾಜಾಜ್ಞೆಯ ಪೆಟ್ಟನ್ನು ತಾಳಿಕೊಂಡ ಕಸಬು ಈ ಎರಡನೆಯ ಪರೀಕ್ಷೆಯನ್ನು ಹೇಗೆ ದಾಟುವುದೆಂಬುದು ಸಕಾಯಿಯ ಮುದಿ ಕಮ್ಮಾರನ ಪಕ್ಕದಲ್ಲಿ ನಾಳೆ ಯಾರು ಬಂದು ಕೂರುವರೆಂಬುದನ್ನು ಅವಲಂಬಿಸಿದೆ.