ಕಲ್ಪನೆ ಕೃತಿಯಾಗುವ ಬಗೆ

ಒಳ್ಳೆಯ ಕಲ್ಪನೆಗಳಿಗೆ ನಮ್ಮಲ್ಲಿ ಎಂದೂ ಬರಗಾಲ ಬಂದಿಲ್ಲ. ಊರಿನ ಇತಿಹಾಸ ಬರೆಯಬೇಕು, ಅಜ್ಜಿ ಹಾಡುತ್ತಿದ್ದ ಪಾಡ್ದನಗಳನ್ನು ಬರೆದಿಡಬೇಕು, ಮರೆಯಾಗುತ್ತಿರುವ ಮಾತುಗಳನ್ನು ಕೂಡಿಹಾಕಬೇಕು ಎಂದು ಹಂಬಲಿಸುವ ಹಲವರನ್ನು ಅಧ್ಯಾಪಕನಾಗಿದ್ದ ಕಾಲದಲ್ಲಿ ನಾನು ಕಂಡಿದ್ದೇನೆ. ಅವರ ಹಂಬಲ ಪ್ರಾಮಾಣಿಕವಾದುದೇ. ಆದರೆ ಅದು ಮುಗಿದ ಪುಸ್ತಕವಾಗಿ ಕೈಗೆ ಬಂದದ್ದು ತೀರ ಕಡಮೆ. ಪ್ರತಿಭೆಯ ಕೊರತೆ ಇದಕ್ಕೆ ಕಾರಣವೆಂದು ನಾನು ಭಾವಿಸುವುದಿಲ್ಲ. ಕಲ್ಪನೆಗೂ ಕೃತಿಗೂ ನಡುವೆ ಯೋಜನೆಯೆಂಬ ಸಂಕವೊಂದು ಬೇಕು. ಅದನ್ನು ಕಟ್ಟುವ ತಾಳ್ಮೆಯನ್ನು ನಾವು ಸಾಹಿತ್ಯದ ಗುಣಗಳಲ್ಲಿ ಎಣಿಸಿಯೇ ಇಲ್ಲ.

ಈ ಮಾತಿಗೆ ನಿಘಂಟುಗಳೇ ಉತ್ತಮ ದೃಷ್ಟಾಂತ. ಒಂದು ಭಾಷೆಯ ಶಬ್ದಗಳನ್ನೆಲ್ಲ ಒಂದೆಡೆ ಸೇರಿಸುವುದು ಮಹಾಕಾವ್ಯದಷ್ಟೇ ದೊಡ್ಡ ಕನಸು. 1853ರಲ್ಲಿ ಈ ನಾಡಿಗೆ ಬಂದ ಫರ್ಡಿನೆಂಡ್ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದದ್ದು 1894ರಲ್ಲಿ. ಅದರಲ್ಲಿರುವ ಸುಮಾರು 70,000 ಶಬ್ದಗಳು ಒಂದು ದಿನದ ಸ್ಫೂರ್ತಿಯಿಂದ ಬಂದವಲ್ಲ.

ನಮಗೆ ಇನ್ನೂ ಹತ್ತಿರದ ನಿದರ್ಶನ ತುಳು ನಿಘಂಟಿನದು. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಅದರ ಕೆಲಸ 1979ರಲ್ಲಿ ತೊಡಗಿತು. ಪ್ರೊ. ಕು. ಶಿ. ಹರಿದಾಸ ಭಟ್ಟರು ಅದಕ್ಕೆ ಬೆನ್ನೆಲುಬಾಗಿದ್ದರು, ಡಾ. ಯು. ಪಿ. ಉಪಾಧ್ಯಾಯರು ಪ್ರಧಾನ ಸಂಪಾದಕರು. ಮೊದಲ ಸಂಪುಟ ಬಂದದ್ದು 1988ರಲ್ಲಿ, ಆರನೆಯದು 1997ರಲ್ಲಿ. ಮೊದಲ ಒಂಬತ್ತು ವರ್ಷ ಓದುಗನ ಕೈಗೆ ಒಂದು ಸಂಪುಟವೂ ಬಂದಿರಲಿಲ್ಲ. ಹೊರಗಿನವರಿಗೆ ಅದು ವಿಳಂಬವಾಗಿ ಕಂಡಿರಬಹುದು; ಕೃತಿಗೆ ಅಸ್ತಿಭಾರ ಬಿದ್ದದ್ದು ಆ ವರ್ಷಗಳಲ್ಲೇ.

ಇಂಥ ಕೆಲಸದಲ್ಲಿ ಮೊದಲು ನಿರ್ಣಯವಾಗಬೇಕಾದುದು ಎಲ್ಲೆ. ಯಾವ ಪ್ರದೇಶದ, ಯಾವ ಸಮುದಾಯದ ಮಾತು? ಬರೆಯಲು ಯಾವ ಲಿಪಿ? ಅರ್ಥ ಯಾವ ಭಾಷೆಯಲ್ಲಿ? ತುಳು ನಿಘಂಟಿನವರು ಪ್ರಾದೇಶಿಕ ಭೇದಗಳನ್ನೂ ಸಮುದಾಯ ಭೇದಗಳನ್ನೂ ಒಳಗೊಳ್ಳಲು ನಿರ್ಧರಿಸಿದರು. ಶಬ್ದವನ್ನು ಕನ್ನಡ, ರೋಮನ್ ಲಿಪಿಗಳೆರಡರಲ್ಲೂ ಕೊಟ್ಟು, ಅರ್ಥವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದರು. ಇಂಥ ನಿರ್ಣಯ ನಡುದಾರಿಯಲ್ಲಿ ಬದಲಾದರೆ ಹಿಂದಿನ ಶ್ರಮವೆಲ್ಲ ನೀರುಪಾಲು. ಎರಡನೆಯದು ಅಳತೆ. ನಿಘಂಟುಕಾರನ ಹಳೆಯ ಪದ್ಧತಿಯಲ್ಲಿ ಒಂದು ಶಬ್ದಕ್ಕೆ ಒಂದು ಚೀಟಿ: ಅದರ ಮೇಲೆ ಶಬ್ದ, ಅರ್ಥ, ಬಳಕೆಯ ಒಂದು ವಾಕ್ಯ, ಹೇಳಿದವರ ಊರು. ಬೆಟ್ಟದಂಥ ಕನಸು ಹೀಗೆ ಅಂಗೈಯಗಲದ ಕಾಗದಕ್ಕಿಳಿದಾಗಲೇ ಅದನ್ನು ಇಂದು ಇಷ್ಟು, ನಾಳೆ ಇಷ್ಟು ಎಂದು ಹಂಚಿಕೊಳ್ಳಲು ಸಾಧ್ಯ. ಮೂರನೆಯದು ಕಂತು. ಎಲ್ಲವೂ ಮುಗಿದ ಮೇಲೆ ಒಟ್ಟಿಗೆ ಅಚ್ಚು ಹಾಕೋಣ ಎನ್ನದೆ, ಸಿದ್ಧವಾದ ಸಂಪುಟವನ್ನು ಮುಗಿಸಿ ಕೊಟ್ಟುಬಿಡುವುದು. ಮುಗಿದ ಒಂದು ಭಾಗ ಮುಂದಿನದಕ್ಕೆ ಬಲ ಕೊಡುತ್ತದೆ.

ಇದು ವಿದ್ವಾಂಸರ ಸಂಸ್ಥೆಗೆ ಮಾತ್ರ ಸಲ್ಲುವ ಮಾತಲ್ಲ. ಸುಳ್ಯ ತಾಲೂಕಿನ ನನ್ನೂರು ಮರ್ಕಂಜವನ್ನೇ ತೆಗೆದುಕೊಳ್ಳೋಣ. ಇಲ್ಲಿ ತುಳು, ಅರೆಭಾಷೆ, ಹವ್ಯಕ ಕನ್ನಡ ಒಂದೇ ಅಂಗಳದಲ್ಲಿ ಕಲೆಯುತ್ತವೆ. ನಮ್ಮ ಸೀಮೆಯ ಬಹಳಷ್ಟು ಗದ್ದೆಗಳು ಅಡಕೆ ತೋಟಗಳಾದುವು, ಗುಡ್ಡಗಳಿಗೆ ರಬ್ಬರು ಹತ್ತಿತು. ಗದ್ದೆಯೊಡನೆ ಅದರ ಮಾತೂ ಹೋಗುತ್ತಿದೆ. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳ ಹೆಸರು, ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮುಡಿ, ಅಳೆಯುವ ಕಳಸೆ, ಗೇರುವ ತಡ್ಪೆ, ಹಾಳೆಯ ಮುಟ್ಟಾಳೆ, ಮಳೆಗೆ ಹಿಡಿವ ಕೊರಂಬು: ಇವನ್ನು ಕೈಯಲ್ಲಿ ಹಿಡಿದು ಬಲ್ಲವರು ಈಗ ಮುಪ್ಪಿನಲ್ಲಿದ್ದಾರೆ. ಮುಡಿ ಕಟ್ಟುವ ಕ್ರಮವನ್ನು ಕಟ್ಟಿದವರೇ ಹೇಳಬೇಕು. ಅವರು ಹೋದ ಮೇಲೆ ಆ ಹೆಸರಿಗೆ ವಿವರಣೆ ಕೇಳುವುದು ಯಾರನ್ನು?

ಒಬ್ಬ ಶಾಲಾ ಅಧ್ಯಾಪಕರೋ, ಕಾಲೇಜು ಓದುವ ಮಕ್ಕಳೋ ಈ ಕೆಲಸಕ್ಕೆ ಕೈಹಾಕಬಹುದು. 'ಊರಿನ ಮಾತೆಲ್ಲ' ಎನ್ನದೆ 'ಬೇಸಾಯದ ಒಂದು ಸಾವಿರ ಮಾತು' ಎಂದು ಎಲ್ಲೆ ಹಾಕಿಕೊಳ್ಳಲಿ. ದಿನಕ್ಕೆ ಮೂರು ಚೀಟಿ ಬರೆದರೆ 334 ದಿನ ಸಾಕು. ವರ್ಷದಲ್ಲಿ ಒಂದು ತಿಂಗಳು ರಜೆಯೂ ಉಳಿಯುತ್ತದೆ. ಊರಿನ ಪಂಚಾಂಗವನ್ನೂ ನೋಡಿಕೊಳ್ಳಬೇಕು. ಆಟಿ ತಿಂಗಳ ಜಡಿಮಳೆಯಲ್ಲಿ ಹಿರಿಯರು ಜಗಲಿಯಲ್ಲಿ ಬಿಡುವಾಗಿರುತ್ತಾರೆ. ಅದು ಕೇಳಿ ಬರೆದುಕೊಳ್ಳುವ ಕಾಲ. ಮಳೆ ಬಿಟ್ಟ ಮೇಲೆ ಅಟ್ಟದ ಮೇಲಿನ ವಸ್ತುಗಳನ್ನು ಇಳಿಸಿ, ನೋಡಿ, ಚಿತ್ರ ತೆಗೆಯಬಹುದು. ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿ, ಸಂಶಯವಿರುವಲ್ಲಿ ಇನ್ನೊಂದು ಮನೆಯವರನ್ನು ಕೇಳಿ ತಿದ್ದಲು ಕೊನೆಯ ಎರಡು ತಿಂಗಳನ್ನು ಮೊದಲೇ ಮೀಸಲಿಡಬೇಕು. ಮೊಬೈಲಿನ ಧ್ವನಿಮುದ್ರಣ ಇಂದು ಈ ಶ್ರಮವನ್ನು ಹಗುರಗೊಳಿಸಿದೆ. ಆದರೆ ಮುದ್ರಿಸಿಟ್ಟು ಕೇಳದ ಧ್ವನಿ ಬರೆಯದ ಪುಸ್ತಕಕ್ಕೆ ಸಮಾನ.

ಯೋಜನೆ ಕಲ್ಪನೆಯ ರೆಕ್ಕೆ ಕತ್ತರಿಸುತ್ತದೆ ಎಂದು ಕೆಲವರು ಅಂಜುತ್ತಾರೆ. ದಿನದ ಕೆಲಸ ಗೊತ್ತಾಗಿರುವವನ ಮನಸ್ಸೇ ಹೊಸತಿಗೆ ತೆರೆದಿರುತ್ತದೆಂಬುದು ನನ್ನ ಅನುಭವ. ತಡ್ಪೆಯ ಬಗ್ಗೆ ಕೇಳಲು ಹೋದವನಿಗೆ ಗೇರುವಾಗಿನ ಹಾಡೊಂದು ದೊರೆಯಬಹುದು. ಹೋಗದವನಿಗೆ ಏನೂ ದೊರೆಯದು. ಮನಸ್ಸಿನಲ್ಲಿ ಇಂಥದೊಂದು ಕೆಲಸವನ್ನು ಇಟ್ಟುಕೊಂಡವರು ಇಂದು ರಾತ್ರಿ ಮಲಗುವ ಮುನ್ನ ಅದರ ಎಲ್ಲೆಯನ್ನೂ, ಮುಗಿಸುವ ತಿಂಗಳನ್ನೂ, ಮೊದಲು ಕಾಣಬೇಕಾದ ಹಿರಿಯರ ಹೆಸರನ್ನೂ ಒಂದು ಕಾಗದದಲ್ಲಿ ಬರೆದಿಡಲಿ. ಹೆಸರು ಬರೆದವರ ಮನೆಗೆ ನಾಳೆಯೇ ಹೋಗಲಿ.