ಮಳೆಕಾಡಿನ ಊರು: ನೋಡೋಕೆ ಹೋಗೋದು ಬೇರೆ, ಇರೋದು ಬೇರೆ

ಜುಲೈ ಬಂತು ಅಂದ್ರೆ ಆಫೀಸಲ್ಲಿ ನನಗೆ ಒಂದು ಪ್ರಶ್ನೆ ಖಾಯಂ. "ನಿಮ್ಮೂರು ಜೋಗದ ಹತ್ರ ಅಲ್ವಾ? ಈ ವೀಕೆಂಡ್ ಬರ್ಲಾ?" ಬೇಡ ಅನ್ನೋಕೆ ಮನಸ್ಸು ಬರಲ್ಲ, ಬನ್ನಿ ಅನ್ನೋಕೆ ಧೈರ್ಯ ಸಾಲಲ್ಲ. ಯಾಕೆ ಅಂತ ಇವತ್ತು ಹೇಳ್ತೀನಿ. ನಿಮ್ಮೂರೂ ಅಂಥದ್ದೇ ಆಗಿದ್ರೆ, ಅಪ್ಪ ಅಮ್ಮ ಅಲ್ಲಿ, ನೀವು ಪುಣೆಯಲ್ಲೋ ಹೈದರಾಬಾದಲ್ಲೋ ಇದ್ರೆ, ಕೊನೇ ತನಕ ಕೇಳಿ.

ನಮ್ಮ ಮನೆ ಇರೋದು ಹೊನ್ನಾವರ ತಾಲ್ಲೂಕಿನಲ್ಲಿ, ಶರಾವತಿ ಕಣಿವೆಯ ಒಳಗೆ. ಒಂದು ಕಡೆ ಸಮುದ್ರ ಹತ್ತಿರ, ಇನ್ನೊಂದು ಕಡೆ ಘಟ್ಟ ಮನೆ ಹಿಂದೆಯೇ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ಈ ಘಟ್ಟಕ್ಕೆ ಬಡಿದು ಮೇಲೇರುತ್ತೆ, ತಣ್ಣಗಾಗುತ್ತೆ, ಹೊತ್ತು ತಂದ ನೀರಿನ ಬಹುಪಾಲನ್ನು ಇಲ್ಲೇ ಸುರಿದು ಮುಂದೆ ಹೋಗುತ್ತೆ. ಪುಣೆ ಇರೋದು ಇದೇ ಸಹ್ಯಾದ್ರಿಯ ಆಚೆ ಮಗ್ಗುಲಲ್ಲಿ. ಅಲ್ಲಿ ಇಡೀ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ನಮ್ಮ ಕಡೆ ಅದಕ್ಕಿಂತ ಜಾಸ್ತಿ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತೆ.

ಆ ಮಳೆಯಿಂದಲೇ ಈ ಕಾಡು. ಗೇರುಸೊಪ್ಪೆ ಘಟ್ಟದ ರಸ್ತೆಯಲ್ಲಿ ಕತ್ತಲೆಕಾನು ಅಂತ ಸಿಗುತ್ತೆ. ಹೆಸರೇ ಹೇಳುತ್ತೆ, ಮಧ್ಯಾಹ್ನವೂ ಬೆಳಕು ಕಮ್ಮಿ. ಅಲ್ಲಿನ ಜೌಗಿನಲ್ಲಿ ಜಾಯಿಕಾಯಿ ಕುಟುಂಬದ ಮರಗಳು ಕೆಸರಲ್ಲೇ ನಿಂತಿರುತ್ತವೆ. ಉಸಿರಾಡೋಕೆ ಬೇರನ್ನ ಮೊಣಕಾಲಿನ ಹಾಗೆ ಮಡಚಿ ಮೇಲೆತ್ತುತ್ತವೆ. ಅಂಥ ಕಾಡು ಮಳೆನೀರನ್ನ ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತೆ. ಹಾಗಾಗಿ ಏಪ್ರಿಲ್‌ನಲ್ಲೂ ನಮ್ಮ ಹಳ್ಳದಲ್ಲಿ ನೀರು, ತೋಟದಲ್ಲಿ ಅಡಿಕೆ.

ದೂರ ಅಂದ್ರೆ ಕಿಲೋಮೀಟರ್ ಅಲ್ಲ

ಊರು ಅಂದ್ರೆ ನಮ್ಮಲ್ಲಿ ಬೀದಿ ಇಲ್ಲ. ಒಂದು ತಗ್ಗಿಗೆ ಒಂದು ತೋಟ, ತೋಟದ ತಲೆಗೆ ಒಂದು ಮನೆ. ಪಕ್ಕದ ಮನೆ ಅಂದ್ರೂ ನಡುವೆ ಒಂದು ಗುಡ್ಡ, ಒಂದು ಹಳ್ಳ. ಹಳ್ಳ ದಾಟೋಕೆ ಅಡಿಕೆ ಮರದ ಸಂಕ.

ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಎರಡು ಕಿ.ಮೀ. ಬೇಸಿಗೆಯಲ್ಲಿ ಜೀಪು ಅಂಗಳಕ್ಕೇ ಬರುತ್ತೆ. ಆಷಾಢದಲ್ಲಿ ಅದೇ ಎರಡು ಕಿ.ಮೀ.ಗೆ ಒಂದು ಗಂಟೆ, ಹಳ್ಳ ತುಂಬಿದ್ರೆ ಒಂದು ದಿನ. ಗೂಗಲ್ ಮ್ಯಾಪ್‌ಗೆ ಇದು ಗೊತ್ತಾಗಲ್ಲ.

ಅದಕ್ಕೇ ಊರಿನ ವರ್ಷ ಎಲ್ಲಾ ಮಳೆಗಾಲದ ಸುತ್ತ. ಮೇ ಮುಗಿಯೋದರೊಳಗೆ ಕಟ್ಟಿಗೆ ಒಣಗಿ ಕೊಟ್ಟಿಗೆಯ ಅಟ್ಟ ಸೇರಬೇಕು. ದನಕ್ಕೆ ಹುಲ್ಲು, ಮನೆಗೆ ಅಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ಹಂಚು ಸರಿ ಮಾಡಬೇಕು, ಗೋಡೆಗೆ ಇರಚಲು ಹೊಡೆಯದ ಹಾಗೆ ಸೋಗೆ ತಟ್ಟಿ ಕಟ್ಟಬೇಕು. ಮುಖ್ಯವಾಗಿ ಅಡಿಕೆಗೆ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ. ಮಳೆ ಜೋರಾಗೋ ಮೊದಲು ಒಂದು ಸಲ, ಸುಮಾರು ನಲವತ್ತು ದಿನ ಬಿಟ್ಟು ಇನ್ನೊಂದು ಸಲ. ಎರಡನೇ ಸಲಕ್ಕೆ ಮಳೆ ಬಿಡುವು ಕೊಡಲಿಲ್ಲ ಅಂದ್ರೆ ಕೊಳೆರೋಗ, ವರ್ಷದ ಆದಾಯ ನೆಲಕ್ಕೆ. ಈಗ ಮರ ಹತ್ತೋ ಕೊನೆಗೌಡರೂ ಕಮ್ಮಿ. ಕಾರ್ಬನ್ ಫೈಬರ್ ದೋಟಿ ಬಂದಿದೆ, ಆದ್ರೆ ಅದನ್ನ ಹಿಡಿಯೋ ತೋಳು ಬೇಕಲ್ಲ. ಆ ತೋಳುಗಳು ಪುಣೆಯಲ್ಲಿ ಕೀಬೋರ್ಡ್ ಕುಟ್ತಾ ಇವೆ.

2019ರ ಆಗಸ್ಟ್

ಆ ವರ್ಷ ರಾಜ್ಯದಲ್ಲೆಲ್ಲಾ ನೆರೆ. ನಮ್ಮಲ್ಲಿ ನಾಲ್ಕು ದಿನದಿಂದ ಕರೆಂಟ್ ಇಲ್ಲ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರೂ ಸತ್ತು ಹೋಗುತ್ತೆ. ಒಂದು ಮಧ್ಯಾಹ್ನ ಅಮ್ಮ ಫೋನ್ ಮಾಡಿದ್ರು. "ಎಂತೂ ತೊಂದ್ರೆ ಇಲ್ಲೆ ತಮಾ, ಅಪ್ಪಂಗೆ ಸ್ವಲ್ಪ…" ಅಷ್ಟಕ್ಕೇ ಕಟ್.

ಮುಂದೆ ಸುಮಾರು ಇಪ್ಪತ್ತು ಗಂಟೆ ನನಗೆ ಏನೂ ಗೊತ್ತಿಲ್ಲ. ಅಪ್ಪನಿಗೆ ಎದೆನೋವು ಬಂದಿತ್ತು. ಕೆಳಗಿನ ಸಂಕ ನೀರಿನಡಿ ಇತ್ತು. ಅಕ್ಕಪಕ್ಕದ ಮನೆಯ ಆರು ಜನ ಅವರನ್ನ ಕುರ್ಚಿಗೆ ಕಟ್ಟಿ, ಮೇಲಿನ ದಾರಿ ಸುತ್ತಿ, ಕತ್ತಲಲ್ಲಿ ಹೊತ್ತು ರಸ್ತೆಗೆ ತಂದ್ರು. ಆಂಬುಲೆನ್ಸ್ ರಸ್ತೆವರೆಗೆ ಮಾತ್ರ ಬರುತ್ತೆ. ಅಲ್ಲಿಂದ ದೊಡ್ಡ ಆಸ್ಪತ್ರೆ ಅಂದ್ರೆ ಮಣಿಪಾಲ, ನೂರು ಕಿ.ಮೀ.ಗಿಂತ ದೂರ. ಉತ್ತರ ಕನ್ನಡಕ್ಕೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ವರ್ಷಗಳಿಂದ ಯಾಕೆ ಕೇಳ್ತಿದ್ದಾರೆ ಅಂತ ಆ ದಿನ ನನಗೆ ಸರಿಯಾಗಿ ಅರ್ಥ ಆಯ್ತು.

ಅಪ್ಪ ಉಳಿದರು. ಹೊತ್ತ ಆರು ಜನರಲ್ಲಿ ನಾಲ್ವರಿಗೆ ಐವತ್ತು ದಾಟಿತ್ತು. ಮುಂದಿನ ಸಲ ಹೊರೋರು ಯಾರು? ಈ ಪ್ರಶ್ನೆ ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಹಾಗಾದ್ರೆ ಹೋಗೋದೇ ಬೇಡ್ವಾ?

ಖಂಡಿತಾ ಹೋಗಿ. ಆದ್ರೆ ಯಾವಾಗ, ಹೇಗೆ ಅನ್ನೋದು ಮುಖ್ಯ.

ನೋಡೋಕೆ ಹೋಗೋದಾದ್ರೆ ಅಕ್ಟೋಬರ್ ಕೊನೆ, ನವೆಂಬರ್ ಒಳ್ಳೇದು. ಮಳೆ ಹಿಂದೆ ಸರಿದಿರುತ್ತೆ, ಹಳ್ಳ ತುಂಬಿರುತ್ತೆ, ಕಾಡು ಹಸಿರಾಗೇ ಇರುತ್ತೆ. ಜುಲೈ, ಆಗಸ್ಟಲ್ಲಿ ಊರಿಗೇ ಊಟ, ದಾರಿ, ಕರೆಂಟ್ ಎಲ್ಲಾ ಕಷ್ಟ. ಆಗ ನಾಲ್ಕು ಜನ ನೆಂಟರು ಅಂದ್ರೆ ಮನೆಯವರಿಗೆ ಖುಷಿಗಿಂತ ಹೊರೆ. ಘಟ್ಟದ ರಸ್ತೆಯೂ ನಂಬೋ ಹಾಗಿಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಲ್ಲಿ ಗುಡ್ಡ ಕುಸಿದದ್ದು ಹೆದ್ದಾರಿಯ ಮೇಲೆಯೇ. ಕೊಂಕಣ ರೈಲ್ವೆಗೂ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ, ವೇಗ ಕಮ್ಮಿ. ಸೋಮವಾರ ಬೆಳಿಗ್ಗೆ ಕಾಲ್ ಇಟ್ಕೊಂಡು ಭಾನುವಾರ ಹೊರಡೋ ಪ್ಲಾನ್ ಮಾಡಬೇಡಿ.

ಉಂಬಳಕ್ಕೆ ಹೆದರಬೇಕಿಲ್ಲ. ರಕ್ತ ಕುಡಿಯುತ್ತೆ, ಉಪ್ಪು ಹಾಕಿದ್ರೆ ಬಿಡುತ್ತೆ. ಹೆದರಬೇಕಾದ್ದು ಉಣ್ಣೆಗೆ. ಅದು ಕಚ್ಚಿ ಹರಡೋದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ್ದು. ಡಿಸೆಂಬರಿನಿಂದ ಮೇ ತನಕ ಇದರ ಕಾಲ. ಆಗ ಕಾಡಿಗೆ ಹೋದ್ರೆ ಮೈತುಂಬಾ ಬಟ್ಟೆ, ಆರೋಗ್ಯ ಇಲಾಖೆ ಕೊಡುವ ಎಣ್ಣೆ, ಬಂದ ಮೇಲೆ ಬಿಸಿನೀರು ಸ್ನಾನ. ಸತ್ತ ಮಂಗ ಕಂಡ್ರೆ ಹತ್ತಿರ ಹೋಗದೆ ಸುದ್ದಿ ಕೊಡಿ. ವಾಪಸ್ ಬಂದ ಮೇಲೆ ಜ್ವರ ಬಂದ್ರೆ, ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ. ಹೈದರಾಬಾದಿನ ಡಾಕ್ಟರಿಗೆ ಅದು ತಾನಾಗಿ ಹೊಳೆಯಲ್ಲ.

ಇನ್ನು ಊರಿನವರೇ ಆದ ನಮಗೆ. ನಾನು ಈಗ ವರ್ಷದ ದೊಡ್ಡ ರಜೆ ತಗೊಳೋದು ಮೇ ಕೊನೆಯ ವಾರ. ಕಟ್ಟಿಗೆ ಹೊರ್ತೀನಿ, ಹಂಚಿನ ಮೇಲೆ ಹತ್ತಿ ಇಣುಕ್ತೀನಿ. ನಾಲ್ಕು ತಿಂಗಳ ಬಿಪಿ ಮಾತ್ರೆ ಒಂದೇ ಸಲ ತಂದಿಡ್ತೀನಿ. ಸೋಲಾರ್ ದೀಪ ಹಾಕಿಸಿದೀವಿ. ಪಕ್ಕದ ಮೂರು ಮನೆಯವರ ನಂಬರ್ ಬೇರೆ ಬೇರೆ ಕಂಪನಿ ಸಿಮ್‌ಗಳದ್ದು ಇಟ್ಕೊಂಡಿದೀನಿ. ಒಂದಲ್ಲ ಒಂದು ಸಿಗುತ್ತೆ. ಸಂಕ ಕಟ್ಟೋ ದಿನ ದುಡ್ಡು ಕಳಿಸಿ ಸುಮ್ಮನಾಗಲ್ಲ, ಹೋಗಿ ಒಂದು ತುದಿ ಹಿಡೀತೀನಿ. ಅಪ್ಪನನ್ನ ಹೊತ್ತವರ ಎದುರು ನಿಂತು ಅಷ್ಟಾದ್ರೂ ಮಾಡದಿದ್ರೆ ಹೇಗೆ?

"ನೀವೂ ಪುಣೆಗೇ ಬಂದ್ಬಿಡಿ" ಅಂತ ಅಪ್ಪನಿಗೆ ಎಷ್ಟೋ ಸಲ ಹೇಳಿದೀನಿ. ಹೋದ ವರ್ಷ ಅವರು ಕೇಳಿದ್ರು, "ಅಲ್ಲಿ ನಾಕು ದಿನ ಫೋನ್ ಹತ್ತದಿದ್ರೆ ಪಕ್ಕದ ಮನೆಯವ ಬಂದು ಬಾಗಿಲು ತಟ್ತ್ನನಾ?" ನನ್ನ ಹತ್ರ ಉತ್ತರ ಇರಲಿಲ್ಲ. ನಮ್ಮ ಫ್ಲೋರಲ್ಲಿ ಎದುರು ಮನೆಯವರ ಹೆಸರು ನನಗೆ ಇನ್ನೂ ಗೊತ್ತಿಲ್ಲ.

ಈ ಸಲ ಊರಿಗೆ ಫೋನ್ ಮಾಡಿದಾಗ "ಮಳೆ ಹೆಂಗಿದೆ" ಅಂತಷ್ಟೇ ಕೇಳಬೇಡಿ. ಸಂಕ ಹೆಂಗಿದೆ, ಮಾತ್ರೆ ಎಷ್ಟು ದಿನಕ್ಕಿದೆ, ಪಕ್ಕದ ಮನೇಲಿ ಯಾರಿದ್ದಾರೆ ಅಂತ ಕೇಳಿ.